ಹಳೇ ಬೇಸ್‌ಬಾಲ್ ಕಾರ್ಡುಗಳ ಮರು ಗ್ರೇಡಿಂಗ್: ಕಳಿಸುವ ಮುನ್ನ, ಕಾಯುವಾಗ, ವಾಪಸು ಬಂದಮೇಲೆ

ಎರಡನೇ ಸಲ ಗ್ರೇಡಿಂಗ್‌ಗೆ ಹೋಗಿದ್ದ ಹಳೇ ಬೇಸ್‌ಬಾಲ್ ಕಾರ್ಡುಗಳು, ಅಂದರೆ ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡುಗಳು, ವಾಪಸು ಬಂದಿವೆ. ಕೆಲವು ಮೇಲೇರಿವೆ, ಒಂದು ಇದ್ದಲ್ಲೇ ಇದೆ, ಒಂದನ್ನು ಕಳಿಸುವುದೇ ಬೇಡವೆಂದು ಮೊದಲೇ ತೆಗೆದಿಟ್ಟಿದ್ದೆ. ನೆನಪು ಹಸಿಯಾಗಿರುವಾಗಲೇ ಇಡೀ ಸುತ್ತನ್ನು ಬರೆದಿಡುತ್ತಿದ್ದೇನೆ. ಅಮೆರಿಕದಲ್ಲಿ ಈ ಹವ್ಯಾಸ ಹಚ್ಚಿಕೊಂಡ ಕನ್ನಡಿಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಈ 6 ಅನ್ನು 7 ಮಾಡಿಸೋಕೆ ಆಗುತ್ತಾ?" ಕೆಲವು ಕಾರ್ಡುಗಳಿಗೆ ಆಗುತ್ತದೆ. ಯಾವುದಕ್ಕೆ ಆಗುತ್ತದೆ ಅನ್ನುವುದನ್ನು ಮನೆಯಲ್ಲೇ, ಒಂದು ಡಾಲರ್ ಖರ್ಚಾಗುವ ಮುಂಚೆಯೇ, ಬಹುಪಾಲು ಕಂಡುಕೊಳ್ಳಬಹುದು.

ಹೊಸಬರಿಗಾಗಿ ಎರಡು ಮಾತು. ಕಾರ್ಡನ್ನು ಪರೀಕ್ಷಿಸಿ, 1ರಿಂದ 10ರೊಳಗೆ ಅಂಕ ಕೊಟ್ಟು, ಅಂಕದ ಲೇಬಲ್ ಜೊತೆ ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಸೀಲ್ ಮಾಡಿಕೊಡುವ ಸಂಸ್ಥೆಗಳಿವೆ. ಪಿಎಸ್‌ಎ 1991ರಲ್ಲಿ, ಎಸ್‌ಜಿಸಿ 1998ರಲ್ಲಿ ಶುರುವಾದವು. ಬೆಕೆಟ್ ಕೂಡ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಗ್ರೇಡಿಂಗ್‌ಗೆ ಇಳಿಯಿತು. 2024ರಲ್ಲಿ ಪಿಎಸ್‌ಎಯ ಮಾತೃಸಂಸ್ಥೆಯೇ ಎಸ್‌ಜಿಸಿಯನ್ನು ಕೊಂಡಿತು, ಆದರೆ ಎರಡರ ಲೇಬಲ್ಲೂ ಬೇರೆ, ಗ್ರೇಡಿಂಗೂ ಬೇರೆ. ಆ ಪ್ಲಾಸ್ಟಿಕ್ ಕವಚವನ್ನು ಎಲ್ಲರೂ ಸ್ಲ್ಯಾಬ್ ಅನ್ನುತ್ತಾರೆ. ಒಂದೊಂದು ಮೆಟ್ಟಿಲಿಗೂ ಬೆಲೆ ಎಷ್ಟು ಜಿಗಿಯಬಹುದು ಅನ್ನುವುದಕ್ಕೆ 1952ರಲ್ಲಿ ಟಾಪ್ಸ್ ಕಂಪನಿ ಹೊರತಂದ, ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡನ್ನೇ ನೋಡಿ. ಪಿಎಸ್‌ಎ 9 ಗ್ರೇಡಿನದು 2021ರ ಜನವರಿಯಲ್ಲಿ 52 ಲಕ್ಷ ಡಾಲರಿಗೆ ಮಾರಾಟವಾಯಿತು, ಎಸ್‌ಜಿಸಿ 9.5 ಗ್ರೇಡಿನದು 2022ರ ಆಗಸ್ಟ್‌ನಲ್ಲಿ ಹೆರಿಟೇಜ್ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ನಮ್ಮಂಥವರ ಕಾರ್ಡುಗಳು ನೂರರ, ಸಾವಿರದ ಲೆಕ್ಕದವು. ಆದರೂ ಅರ್ಧ ಅಂಕದ ಆಸೆ ಎಲ್ಲರಿಗೂ ಒಂದೇ.

ಮೊದಲ ಕೆಲಸ, ಕಾರ್ಡಿಗೆ ಈಗಿನ ಅಂಕ ಯಾಕೆ ಬಂತು ಅನ್ನುವುದನ್ನು ಪತ್ತೆ ಹಚ್ಚುವುದು. ಕಾರಣ ಲೇಬಲ್ ಮೇಲೆ ಬರೆದಿರುವುದಿಲ್ಲ. ಈ ಮೂರರಲ್ಲಿ ಬೆಕೆಟ್ ಮಾತ್ರ ಸೆಂಟರಿಂಗ್ (ಚಿತ್ರ ಕಾರ್ಡಿನ ನಟ್ಟನಡುವೆ ಎಷ್ಟು ಸರಿಯಾಗಿ ಕೂತಿದೆ ಅನ್ನುವುದು), ಮೂಲೆ, ಅಂಚು, ಮೇಲ್ಮೈ ನಾಲ್ಕಕ್ಕೂ ಉಪಾಂಕ ಮುದ್ರಿಸುವ ಪದ್ಧತಿ ಇಟ್ಟುಕೊಂಡಿದೆ. ಉಳಿದವುಗಳಲ್ಲಿ ನಾವೇ ಹುಡುಕಬೇಕು.

ಸೆಂಟರಿಂಗ್ ಅಳೆಯುವುದು ಸುಲಭ. ಎಡದ ಬಿಳಿ ಅಂಚು 3.5 ಮಿಲಿಮೀಟರ್, ಬಲದ್ದು 1.5 ಇದ್ದರೆ ಒಟ್ಟು 5ರಲ್ಲಿ ಹಂಚಿಕೆ 70/30. ಪಿಎಸ್‌ಎ ಲೆಕ್ಕದಲ್ಲಿ ಮುಂಭಾಗಕ್ಕೆ 8ರ ಮಿತಿ 65/35, 7ಕ್ಕೆ 70/30, 6ಕ್ಕೆ 80/20, 5ಕ್ಕೆ 85/15. ಹಿಂಭಾಗಕ್ಕೆ ಈ ಗ್ರೇಡುಗಳಲ್ಲೆಲ್ಲ 90/10ರವರೆಗೆ ಬಿಡುತ್ತಾರೆ. ಮೇಲೆ ಕೆಳಗಿನ ಅಂಚುಗಳನ್ನೂ ಹೀಗೇ ಅಳೆಯಬೇಕು. ಎರಡರಲ್ಲಿ ಯಾವುದು ಕೆಟ್ಟದ್ದೋ ಅದೇ ಲೆಕ್ಕಕ್ಕೆ ಬರುವುದು. ಸ್ಲ್ಯಾಬ್ ಮೇಲೆ ಸ್ಕೇಲ್ ಇಟ್ಟು ಅಳೆದರೆ ಪ್ಲಾಸ್ಟಿಕ್ ದಪ್ಪದಿಂದಾಗಿ ಕಣ್ಣಿನ ಕೋನಕ್ಕೆ ತಕ್ಕಂತೆ ಅಳತೆ ಬದಲಾಗುತ್ತದೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಪಿಕ್ಸೆಲ್ ಎಣಿಸುವುದು ಮೇಲು. ಆಗ ಒಂದು ಮಿಲಿಮೀಟರಿಗೆ ಸುಮಾರು 24 ಪಿಕ್ಸೆಲ್ ಸಿಗುತ್ತದೆ. ಸ್ಕ್ಯಾನರ್ ಸಿಸಿಡಿ ಮಾದರಿಯದ್ದಾಗಿರಲಿ. ತೆಳ್ಳನೆಯ ಸಿಐಎಸ್ ಸ್ಕ್ಯಾನರುಗಳಿಗೆ ಗಾಜಿಗೆ ಅಂಟಿಕೊಂಡದ್ದು ಮಾತ್ರ ಸ್ಪಷ್ಟವಾಗಿ ಕಾಣುವುದು, ಸ್ಲ್ಯಾಬ್ ಒಳಗಿನ ಕಾರ್ಡು ಮಸುಕಾಗುತ್ತದೆ.

ಮೂಲೆ, ಅಂಚುಗಳಿಗೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಸಾಕು. ನಿಜವಾದ ಪರೀಕ್ಷೆ ಮೇಲ್ಮೈಯದ್ದು. 7ರ ಹಾಗೆ ಕಾಣುವ ಕಾರ್ಡು 4 ಅಥವಾ 5ರ ಲೇಬಲ್ ಹೊತ್ತು ಕೂತಿದ್ದರೆ, ನೂರಕ್ಕೆ ತೊಂಬತ್ತು ಪಾಲು ಒಳಗೆಲ್ಲೋ ಒಂದು ಸುಕ್ಕು ಇದೆ ಅಂತಲೇ ಅಂದುಕೊಳ್ಳಿ. ಕೋಣೆಯ ದೀಪ ಆರಿಸಿ, ಸಣ್ಣ ಎಲ್‌ಇಡಿ ಟಾರ್ಚನ್ನು ಕಾರ್ಡಿಗೆ ಬಹುತೇಕ ಸಮಾನಾಂತರವಾಗಿ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ನಾಲ್ಕೂ ದಿಕ್ಕಿನಿಂದ ನೋಡಬೇಕು. ನೇರ ಬೆಳಕಿನಲ್ಲಿ ಏನೂ ಇಲ್ಲದ ಕಡೆ ಆಗ ಕೂದಲೆಳೆಯಷ್ಟು ಸಣ್ಣ ಗೆರೆ, ಒಂದು ಬದಿ ಬೆಳಕು ಒಂದು ಬದಿ ನೆರಳಾಗಿ, ಎದ್ದು ಕಾಣುತ್ತದೆ. ಹಿಂಭಾಗವನ್ನೂ ಹೀಗೇ ನೋಡಿ; ಎಷ್ಟೋ ಸುಕ್ಕುಗಳು ಹಿಂದೆ ಮಾತ್ರ ಇರುತ್ತವೆ. ಗೆರೆ ಕಾರ್ಡಿನದ್ದೋ ಪ್ಲಾಸ್ಟಿಕ್ಕಿನದ್ದೋ ಅನ್ನುವ ಅನುಮಾನ ಬಂದರೆ ಸ್ಲ್ಯಾಬನ್ನು ಮೆಲ್ಲಗೆ ಓರೆ ಮಾಡಿ. ಪ್ಲಾಸ್ಟಿಕ್ ಮೇಲಿನ ಗೀರು ಕಾರ್ಡಿನ ಅಕ್ಷರ, ಚಿತ್ರಗಳ ಮೇಲೆ ಜಾರಿದಂತೆ ಕಾಣುತ್ತದೆ. ಕಾರ್ಡಿನ ಗೆರೆ ಜಾಗ ಬಿಟ್ಟು ಕದಲುವುದಿಲ್ಲ. ನಾನು ಮೊದಲೇ ತೆಗೆದಿಟ್ಟೆ ಅಂದೆನಲ್ಲ, ಅದು ಒಂದು ಟಿ206 ಕಾರ್ಡು, 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಸರಣಿಯದ್ದು. ಮುಂದೆ ನೋಡಿದರೆ ಮುದ್ದಾದ ಮೂಲೆಗಳು. ಟಾರ್ಚ್ ಹಿಡಿದಾಗ ಬೆನ್ನಿನಲ್ಲಿ ಅಡ್ಡ ಸುಕ್ಕು. ಅದರ ಅಂಕ ಸರಿಯಾಗೇ ಇದೆ. ಎಷ್ಟು ಸಲ ಕಳಿಸಿದರೂ ಸುಕ್ಕು ಹೋಗುವುದಿಲ್ಲ.

ಮುದ್ರಣದ ದೋಷವೂ ಹಾಗೆಯೇ. 1957ರ ಟಾಪ್ಸ್ ಕಾರ್ಡುಗಳ ಕಪ್ಪು ಹಿನ್ನೆಲೆಯಲ್ಲಿ ಹಿಮ ಉದುರಿದಂತೆ ಬಿಳಿ ಚುಕ್ಕೆಗಳು ಸಾಮಾನ್ಯ. ಅವು ಅಚ್ಚಿನ ಮನೆಯಲ್ಲೇ ಆದದ್ದು, ತೆಗೆಯುವಂತಿಲ್ಲ. ತೆಗೆಯಬಹುದಾದದ್ದು ಬಹಳ ಕಮ್ಮಿ. ಹಳೇ ಪ್ಯಾಕೆಟ್ಟುಗಳನ್ನು ಮೇಣದ ಕಾಗದದಲ್ಲಿ ಸುತ್ತುತ್ತಿದ್ದರು, ಆ ಮೇಣದ ತೆಳು ಪದರ ಕೆಲವು ಕಾರ್ಡುಗಳ ಹೊಳಪಿನ ಮುಂಭಾಗಕ್ಕೆ ಅಂಟಿರುತ್ತದೆ. ಶುಭ್ರವಾದ ನೈಲಾನ್ ಕಾಲುಚೀಲದ ತುಂಡಿನಿಂದ ಒತ್ತದೆ, ಒಂದೇ ದಿಕ್ಕಿಗೆ ಸವರಿದರೆ ಅದು ಬರುತ್ತದೆ. ಹಿಂಭಾಗದ ಒರಟು ರಟ್ಟಿಗೆ ಇಳಿದ ಮೇಣ ಬರುವುದಿಲ್ಲ, ಉಜ್ಜಿದರೆ ರಟ್ಟಿನ ನಾರು ಏಳುತ್ತದೆ. ಇದಕ್ಕಿಂತ ಮುಂದೆ ಹೋಗಬೇಡಿ. ರಾಸಾಯನಿಕದಿಂದ ತೊಳೆಯುವುದು, ಸುಕ್ಕನ್ನು ಒತ್ತಿ ಕೂರಿಸುವುದು, ಕಿತ್ತ ಬಣ್ಣಕ್ಕೆ ಮಾರ್ಕರ್ ತಾಗಿಸುವುದು, ಅಂಚು ಕತ್ತರಿಸುವುದು, ಇವೆಲ್ಲ ಕಾರ್ಡನ್ನು ಕೆಡಿಸುವ ಕೆಲಸ, ಮುಂದೆ ಕೊಳ್ಳುವವನಿಗೆ ಮಾಡುವ ಮೋಸ. ಪಿಎಸ್‌ಎ ಇಂಥವನ್ನು ಕೋಡ್ ಹಾಕಿ ತಿರಸ್ಕರಿಸುತ್ತದೆ: ಎನ್1 ಅಂದರೆ ಅಂಚು ಕತ್ತರಿಸಿದ ಕುರುಹು, ಎನ್2 ದುರಸ್ತಿ, ಎನ್3 ಬಣ್ಣ ಹಚ್ಚಿದ್ದು, ಎನ್5 ರಟ್ಟಿನ ಸ್ವರೂಪ ಬದಲಿಸಿದ್ದು, ಎನ್6 ಅಳತೆ ಸಾಲದ್ದು, ಎನ್7 ತೊಳೆದದ್ದು.

ಇಲ್ಲೊಂದು ಅಪಾಯ ಹೊಸಬರಿಗೆ ಹೊಳೆಯುವುದಿಲ್ಲ. ಸ್ಲ್ಯಾಬ್ ಒಳಗಿರುವ ಕಾರ್ಡೂ ಕತ್ತರಿಸಿದ್ದಿರಬಹುದು. ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡೇ ಅದಕ್ಕೆ ಸಾಕ್ಷಿ: 8 ಅಂಕ ಪಡೆದ ಟಿ206 ಹೋನಸ್ ವ್ಯಾಗ್ನರ್. ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು. ಹಾಗಾಗಿ ಸ್ಲ್ಯಾಬ್ ಒಡೆದು ಕಳಿಸುವ ಆಲೋಚನೆ ಇದ್ದರೆ, ಒಳಗಿನ ಕಾರ್ಡಿನ ಮೇಲೆ ನಿಮಗೇ ಪೂರ್ತಿ ನಂಬಿಕೆ ಇರಬೇಕು. 1957ರಿಂದೀಚೆಗಿನ ಟಾಪ್ಸ್ ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. 1952ರಿಂದ 1956ರವರೆಗಿನವು ಇನ್ನೂ ದೊಡ್ಡವು. ನಾಲ್ಕು ಅಂಚುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಬೆಳ್ಳಗೆ, ಹರಿತವಾಗಿ ಕಂಡರೆ ಅನುಮಾನಿಸಿ.

ಇನ್ನು ದಾರಿಗಳು. ಮುಖ್ಯವಾಗಿ ಮೂರಿವೆ.

ರಿವ್ಯೂ ಅಂದರೆ ಪಿಎಸ್‌ಎ ಸ್ಲ್ಯಾಬಿನಲ್ಲಿರುವ ಕಾರ್ಡನ್ನು ಸ್ಲ್ಯಾಬ್ ಸಮೇತ ಪಿಎಸ್‌ಎಗೇ ಕಳಿಸುವುದು. ಹೆಚ್ಚಿನ ಅಂಕಕ್ಕೆ ತಕ್ಕದ್ದೆನಿಸಿದರೆ ಒಡೆದು ಹೊಸ ಲೇಬಲ್ ಹಾಕುತ್ತಾರೆ. ಇಲ್ಲದಿದ್ದರೆ ಅದೇ ಸ್ಲ್ಯಾಬಿನಲ್ಲಿ ವಾಪಸು. ಅಂಕ ಇಳಿಯುವ ಭಯವಿಲ್ಲ, ಆದರೆ ಶುಲ್ಕ ಹೋಗುತ್ತದೆ. ರಿವ್ಯೂಗೆ ಅತಿ ಒಳ್ಳೆಯ ಅಭ್ಯರ್ಥಿಗಳು 2008ಕ್ಕೂ ಮುಂಚಿನ ಲೇಬಲ್ ಇರುವ ಕಾರ್ಡುಗಳು. ಪಿಎಸ್‌ಎ ಅರ್ಧ ಅಂಕ ಕೊಡಲು ಶುರು ಮಾಡಿದ್ದೇ ಆ ವರ್ಷ. ಅದಕ್ಕೂ ಮೊದಲು 6ಕ್ಕೆ ಮೇಲೆ, 7ಕ್ಕೆ ಕೆಳಗೆ ನಿಂತ ಕಾರ್ಡಿಗೆ 6 ಬಿಟ್ಟರೆ ಗತಿ ಇರಲಿಲ್ಲ. ಅರ್ಧ ಅಂಕ ಕೊಡುವಾಗ ಅವರು ಸೆಂಟರಿಂಗ್‌ಗೆ ವಿಶೇಷ ತೂಕ ಕೊಡುತ್ತಾರೆ. ಹಳೇ ಲೇಬಲ್, ಒಳ್ಳೆ ಸೆಂಟರಿಂಗ್, ಸುಕ್ಕಿಲ್ಲ: ಈ ಮೂರು ಕೂಡಿದರೆ ಕಳಿಸಿ.

ಕ್ರಾಸೋವರ್ ಅಂದರೆ ಬೇರೆ ಸಂಸ್ಥೆಯ ಸ್ಲ್ಯಾಬಿನಿಂದ ಪಿಎಸ್‌ಎ ಸ್ಲ್ಯಾಬಿಗೆ ದಾಟಿಸುವುದು. ಫಾರಂನಲ್ಲಿ ಕನಿಷ್ಠ ಅಂಕ ನಮೂದಿಸಬೇಕು. ಅದಕ್ಕಿಂತ ಕಮ್ಮಿ ಎನಿಸಿದರೆ ಒಡೆಯದೆ ಹಿಂದಿರುಗಿಸುತ್ತಾರೆ. ಇಲ್ಲೂ ಶುಲ್ಕ ಹೋಗಿದ್ದೇ. ಎಸ್‌ಜಿಸಿಯ ಹಳೇ ಲೇಬಲ್ಲುಗಳಲ್ಲಿ ನೂರರ ಲೆಕ್ಕದ ಅಂಕ ಇರುತ್ತದೆ. 84 ಅಂದರೆ 7, 88 ಅಂದರೆ 8, 80 ಅಂದರೆ 6. 84 ನೋಡಿ 8.4 ಅಂತ ಓದಿಕೊಂಡು ಕನಿಷ್ಠ ಅಂಕ 8 ಬರೆದರೆ ಕಾರ್ಡು ಹೋದ ಹಾಗೇ ಬರುತ್ತದೆ.

ಮೂರನೆಯದು ಕ್ರ್ಯಾಕ್: ಸ್ಲ್ಯಾಬ್ ಒಡೆದು, ಹಿಂದಿನ ಅಂಕದ ಗುರುತೇ ಇಲ್ಲದ ಬರಿ ಕಾರ್ಡಾಗಿ ಕಳಿಸುವುದು. ಗ್ರೇಡರ್ ಪ್ಲಾಸ್ಟಿಕ್ಕಿನ ಅಡ್ಡಿಯಿಲ್ಲದೆ ನೋಡುತ್ತಾರೆ, ಮೇಲೇರುವ ಅವಕಾಶ ಹೆಚ್ಚು ಅನ್ನುವುದು ಸಂಗ್ರಾಹಕರ ನಂಬಿಕೆ. ಆದರೆ ಅಂಕ ಇಳಿಯಬಹುದು, ಎನ್ ಕೋಡ್ ಬಿದ್ದು ಅಂಕವೇ ಇಲ್ಲದಂತಾಗಬಹುದು. ಕಳೆದುಕೊಂಡರೆ ನಿದ್ದೆಗೆಡಿಸುವಂಥ ಕಾರ್ಡನ್ನು ಒಡೆಯಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಓಸಿ ಅಂದರೆ ಸೆಂಟರ್ ತಪ್ಪಿದ್ದು, ಎಂಕೆ ಅಂದರೆ ಬರಹದ ಗುರುತು, ಎಸ್‌ಟಿ ಅಂದರೆ ಕಲೆ. ಲೇಬಲ್ಲಿನಲ್ಲಿ ಅಂಕದ ಪಕ್ಕ ಈ ಅಕ್ಷರಗಳಿರುವ ಕಾರ್ಡುಗಳ ಕಥೆ ಬೇರೆ. ಈ ಅಕ್ಷರಗಳಿಗೆ ಕ್ವಾಲಿಫೈಯರ್ ಅನ್ನುತ್ತಾರೆ. 8 ಓಸಿ ಕಾರ್ಡನ್ನು "ಕ್ವಾಲಿಫೈಯರ್ ಬೇಡ" ಅಂತ ಕೇಳಿಕೊಂಡು ಕಳಿಸಿದರೆ ಸಾಮಾನ್ಯವಾಗಿ ಎರಡು ಮೆಟ್ಟಿಲು ಇಳಿದು 6 ಬರುತ್ತದೆ. ಸಂಗ್ರಾಹಕರು ತಮ್ಮ ಸೆಟ್ಟುಗಳನ್ನು ನೋಂದಾಯಿಸಿ ಹೋಲಿಸಿಕೊಳ್ಳುವ ಪಿಎಸ್‌ಎಯ ಸೆಟ್ ರಿಜಿಸ್ಟ್ರಿಯಲ್ಲೂ ಕ್ವಾಲಿಫೈಯರ್‌ಗೆ ಎರಡು ಅಂಕ ಕಳೆಯುತ್ತಾರೆ. ಕೆಲವು ಕಾರ್ಡುಗಳಲ್ಲಿ ಅಕ್ಷರವಿಲ್ಲದ 6ಕ್ಕೆ 8 ಓಸಿಗಿಂತ ಹೆಚ್ಚು ಗಿರಾಕಿಗಳಿರುತ್ತಾರೆ. ಇತ್ತೀಚೆಗೆ ಮಾರಾಟವಾದ ಬೆಲೆ ನೋಡಿಯೇ ನಿರ್ಧರಿಸಬೇಕು.

ಖರ್ಚಿನ ಲೆಕ್ಕ ಬಿಡಬೇಡಿ. ಅರ್ಥವಾಗಲಿ ಅಂತ ಕಾಲ್ಪನಿಕ ಅಂಕಿ ಹಾಕುತ್ತೇನೆ. ಒಂದು ಕಾರ್ಡು 5ಕ್ಕೆ 250, 6ಕ್ಕೆ 400, 7ಕ್ಕೆ 700 ಡಾಲರ್ ಅಂದುಕೊಳ್ಳಿ. ಶುಲ್ಕ, ಹೋಗಿ ಬರುವ ಅಂಚೆ, ವಿಮೆ ಎಲ್ಲ ಸೇರಿ ಕಾರ್ಡಿಗೆ 60 ಡಾಲರ್. ಇಂಥ ಹತ್ತು 6ಗಳನ್ನು ಒಡೆದು ಕಳಿಸಿದಾಗ ಮೂರು ಮೇಲೇರಿ, ಐದು ಇದ್ದಲ್ಲೇ ಉಳಿದು, ಎರಡು ಇಳಿದರೆ: ಲಾಭ 900, ನಷ್ಟ 300, ಖರ್ಚು 600. ಕೈಗೆ ಸೊನ್ನೆ. ಹತ್ತರಲ್ಲಿ ಮೂರು ಮೇಲೇರುವುದು ಒಳ್ಳೆ ಫಲಿತಾಂಶವೇ, ಆದರೂ ಹೀಗೆ. ಆದ್ದರಿಂದ ಮುಂದಿನ ಮೆಟ್ಟಿಲಿನ ಬೆಲೆಯ ಅಂತರ ದೊಡ್ಡದಿರುವ ಕಾರ್ಡುಗಳನ್ನಷ್ಟೇ ಆರಿಸಬೇಕು. ಈ ಲೆಕ್ಕವನ್ನು ಬುಡಮೇಲು ಮಾಡುವ ಇನ್ನೊಂದು ಬಾಬತ್ತು ಅಪ್‌ಚಾರ್ಜ್. ಪ್ರತಿ ಸೇವಾ ದರ್ಜೆಗೂ ಕಾರ್ಡಿನ ಬೆಲೆಯ ಗರಿಷ್ಠ ಮಿತಿ ಇದೆ. ಹೊಸ ಅಂಕದಿಂದ ಬೆಲೆ ಆ ಮಿತಿ ದಾಟಿದರೆ ಮೇಲಿನ ದರ್ಜೆಯ ಶುಲ್ಕ ಹಾಕುತ್ತಾರೆ. ಫಾರಂನಲ್ಲಿ ಡಿಕ್ಲೇರ್ಡ್ ವ್ಯಾಲ್ಯೂ (ಕಾರ್ಡಿನ ಬೆಲೆ ಇಷ್ಟೆಂದು ನಾವೇ ಘೋಷಿಸುವುದು) ಬರೆಯುವಾಗ ಈಗಿನ ಬೆಲೆ ಬರೆದು ಸುಮ್ಮನಾಗದೆ, ನೀವು ನಿರೀಕ್ಷಿಸುವ ಅಂಕದ ಬೆಲೆ ಬರೆಯಿರಿ. ವಾಪಸು ಬರುವಾಗಿನ ವಿಮೆಯೂ ಅದರ ಮೇಲೇ ನಿಲ್ಲುತ್ತದೆ. ಶುಲ್ಕಗಳು ಆಗಾಗ ಬದಲಾಗುವುದರಿಂದ ಕಳಿಸುವ ದಿನವೇ ಅವರ ಪಟ್ಟಿ ನೋಡಿಕೊಳ್ಳಿ.

ನಾನು ಕಳಿಸಿದವು ಹೀಗೆ ಹಂಚಿಹೋದವು. 1957ರ ಬ್ರೂಕ್ಸ್ ರಾಬಿನ್ಸನ್, ಸಂಖ್ಯೆ 328, ಹಳೇ ಲೇಬಲ್ಲಿನ 6, ಸೆಂಟರಿಂಗ್ 60/40: ರಿವ್ಯೂ. 1959ರ ಬಾಬ್ ಗಿಬ್ಸನ್, ಸಂಖ್ಯೆ 514, ಗುಲಾಬಿ ಹಿನ್ನೆಲೆಯದ್ದು, ಎಸ್‌ಜಿಸಿ 84: ಕನಿಷ್ಠ 7 ಕೇಳಿ ಕ್ರಾಸೋವರ್. 1971ರ ಥರ್ಮನ್ ಮನ್ಸನ್, ಸಂಖ್ಯೆ 5, ಪಿಎಸ್‌ಎ 5: ಕ್ರ್ಯಾಕ್. 1971ರ ಟಾಪ್ಸ್ ಕಾರ್ಡುಗಳ ಅಂಚು ಪೂರ್ತಿ ಕಪ್ಪು, ಎಲ್ಲಿ ಚೂರು ಕಿತ್ತರೂ ಬಿಳಿ ರಟ್ಟು ಇಣುಕುತ್ತದೆ. ಅದನ್ನು ಮುಚ್ಚಲು ಮಾರ್ಕರ್ ಬಳಸುವವರೂ ಇದ್ದಾರೆ. ಹಾಗಾಗಿ ಒಡೆಯುವ ಮುನ್ನ ಲೂಪ್ ಹಿಡಿದು ಅಂಚನ್ನು ಇಂಚು ಇಂಚಾಗಿ ನೋಡಿದೆ. ಮಾರ್ಕರ್ ಆಗಿದ್ದರೆ ಕಪ್ಪಿನ ಛಾಯೆ ಬೇರೆ ಇರುತ್ತದೆ, ಶಾಯಿ ರಟ್ಟಿನ ದಪ್ಪದೊಳಕ್ಕೆ ಹರಡಿರುತ್ತದೆ. ಇದರಲ್ಲಿ ಕಿತ್ತ ಕಡೆ ಪ್ರಾಮಾಣಿಕವಾಗಿ ಬೆಳ್ಳಗಿತ್ತು.

ಒಡೆಯುವ ಕೆಲಸಕ್ಕೆ ಬೇಕಾದದ್ದು ಹರಿತವಾದ ಕಟಿಂಗ್ ಪ್ಲೈಯರ್, ಚಪ್ಪಟೆ ತುದಿಯ ಸ್ಕ್ರೂಡ್ರೈವರ್, ದಪ್ಪ ಟವೆಲ್, ಕಣ್ಣಿಗೆ ಕನ್ನಡಕ. ಮೊದಲು ಸ್ಲ್ಯಾಬಿನ ಎರಡೂ ಬದಿಯನ್ನು ಲೇಬಲ್ ಸಂಖ್ಯೆ ಕಾಣುವಂತೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪಿಎಸ್‌ಎ ಸ್ಲ್ಯಾಬ್ ಅಂದರೆ ಅಂಚಿನುದ್ದಕ್ಕೂ ಬೆಸೆದ ಎರಡು ಹಾಳೆ ಪ್ಲಾಸ್ಟಿಕ್. ಕಾರ್ಡಿನಿಂದ ದೂರವಿರುವ ಲೇಬಲ್ ಕಡೆಯ ಮೂಲೆಯನ್ನು ಪ್ಲೈಯರ್‌ನಿಂದ ಚೂರು ಚೂರೇ ಕಚ್ಚಿ ತೆಗೆಯಿರಿ. ಬೆಸುಗೆಯ ಸೀಳು ಕಂಡಾಗ ಅಲ್ಲಿ ಸ್ಕ್ರೂಡ್ರೈವರ್ ತುದಿ ಇಟ್ಟು, ಒಳಕ್ಕೆ ತಳ್ಳದೆ, ತಿರುಗಿಸಿ. ಟಪ್ ಅಂತ ಶಬ್ದ ಬಂದು ಬೆಸುಗೆ ಬಿಡುತ್ತದೆ. ಅಲ್ಲಿಂದ ಬದಿಯುದ್ದಕ್ಕೆ ಸ್ವಲ್ಪ ಸ್ವಲ್ಪವೇ ಮುಂದುವರಿಯಿರಿ. ಸ್ಕ್ರೂಡ್ರೈವರ್ ಕಾರ್ಡಿನ ಗೂಡಿನವರೆಗೆ ಹೋಗಲೇಬಾರದು. ತೆರೆದುಕೊಂಡ ಮೇಲೆ ಪ್ಲಾಸ್ಟಿಕ್ ಚೂರುಗಳು ಕಾರ್ಡಿನ ಮೇಲೆ ಬಿದ್ದಿರುತ್ತವೆ. ಒರೆಸಿದರೆ ಗೀರು ಬೀಳುತ್ತದೆ, ಕ್ಯಾಮೆರಾ ಲೆನ್ಸಿಗೆ ಬಳಸುವ ಗಾಳಿ ಬಲೂನಿನಿಂದ ಊದಿ ತೆಗೆಯಿರಿ. ಕಾರ್ಡನ್ನು ಎಳೆಯಬೇಡಿ, ಗೂಡನ್ನು ಓರೆ ಮಾಡಿ ತಾನಾಗೇ ಜಾರಲು ಬಿಡಿ. ಎಸ್‌ಜಿಸಿ ಸ್ಲ್ಯಾಬಿನೊಳಗೆ ಕಪ್ಪು ಚೌಕಟ್ಟು ಕಾರ್ಡಿನ ಅಂಚನ್ನು ಹಿಡಿದಿರುತ್ತದೆ; ಅಲ್ಲಿ ಚೌಕಟ್ಟನ್ನು ಬಾಗಿಸಿ ಕಾರ್ಡನ್ನು ಬಿಡಿಸಬೇಕು, ಕಾರ್ಡನ್ನು ಬಾಗಿಸಬಾರದು.

ಬರಿ ಕಾರ್ಡು ತೆಳು ಪ್ಲಾಸ್ಟಿಕ್ ಪೆನ್ನಿ ಸ್ಲೀವಿಗೆ, ಅದರ ಸಮೇತ ಅರೆಗಟ್ಟಿ ಕಾರ್ಡ್ ಸೇವರ್ 1 ಹೋಲ್ಡರಿಗೆ ಹೋಗಬೇಕು. ಗಟ್ಟಿ ಟಾಪ್‌ಲೋಡರ್ ಬೇಡ, ತೆಗೆಯುವಾಗ ಮೂಲೆಗೆ ಪೆಟ್ಟಾಗುತ್ತದೆ. ಸ್ಲೀವಿನ ತಲೆಗೆ ಅಂಟುಚೀಟಿಯ ತುಂಡೊಂದನ್ನು ಹಿಡಿಕೆಯಂತೆ ಅಂಟಿಸಿದರೆ ತೆಗೆಯುವವರಿಗೆ ಅನುಕೂಲ. ಫಾರಂನಲ್ಲಿ ಬರೆದ ಕ್ರಮದಲ್ಲೇ ಕಾರ್ಡುಗಳನ್ನು ಜೋಡಿಸಿ, ಎರಡು ರಟ್ಟಿನ ನಡುವೆ ಇಟ್ಟು, ಬಿಗಿಯದ ರಬ್ಬರ್ ಬ್ಯಾಂಡ್ ಹಾಕಿ. ರಿವ್ಯೂ, ಕ್ರಾಸೋವರ್, ಬರಿ ಕಾರ್ಡು, ಮೂರಕ್ಕೂ ಬೇರೆ ಬೇರೆ ಸಬ್‌ಮಿಶನ್ ಮಾಡಬೇಕು. ಡಬ್ಬ ಅಲ್ಲಾಡಿಸಿದರೆ ಒಳಗೆ ಸದ್ದಾಗಬಾರದು. ಬೆಲೆಬಾಳುವವಕ್ಕೆ ಯುಎಸ್‌ಪಿಎಸ್ (ಅಮೆರಿಕದ ಅಂಚೆ) ರಿಜಿಸ್ಟರ್ಡ್ ಮೇಲ್ ನಿಧಾನ, ಆದರೆ ಅತಿ ಭದ್ರ. 50,000 ಡಾಲರ್‌ವರೆಗೆ ವಿಮೆ ಸಿಗುತ್ತದೆ, ಪ್ರತಿ ಕೈಬದಲಾವಣೆಗೂ ಸಹಿ ಬೀಳುತ್ತದೆ. ಅದಕ್ಕೆ ಹೊಳೆಯುವ ಪ್ಲಾಸ್ಟಿಕ್ ಟೇಪ್ ನಡೆಯುವುದಿಲ್ಲ. ಮುದ್ರೆ ಹಿಡಿಯಬೇಕಾದ್ದರಿಂದ ಎಲ್ಲ ಸೀಳಿಗೂ ಕಂದು ಕಾಗದದ ಟೇಪೇ ಆಗಬೇಕು, ಇಲ್ಲದಿದ್ದರೆ ಕೌಂಟರಿನಿಂದಲೇ ವಾಪಸು ಕಳಿಸುತ್ತಾರೆ.

ಆಮೇಲೆ ಕಾಯುವುದು. ಡಬ್ಬ ತಲುಪಿದೆ ಅಂತ ಅಂಚೆಯವರು ಹೇಳಿದ ದಿನಕ್ಕೂ ಗ್ರೇಡಿಂಗ್ ಸಂಸ್ಥೆಯ ಖಾತೆಯಲ್ಲಿ "ಅರೈವ್ಡ್" ಅಂತ ಕಾಣುವ ದಿನಕ್ಕೂ ನಡುವೆ ಅಂತರವಿರುತ್ತದೆ. ಈ ಅಂತರವೇ ಹೊಸಬರನ್ನು ಹೆಚ್ಚು ಕಾಡುವುದು. ಕಾರ್ಡು ಕಳೆದೇ ಹೋಯಿತೇನೋ ಎನಿಸುತ್ತದೆ. ಪಿಎಸ್‌ಎಯಲ್ಲಿ ಅಲ್ಲಿಂದ ಆರ್ಡರ್ ಪ್ರೆಪ್, ರಿಸರ್ಚ್ ಅಂಡ್ ಐಡಿ, ಗ್ರೇಡಿಂಗ್, ಅಸೆಂಬ್ಲಿ, ಎರಡು ಸುತ್ತು ಕ್ಯೂಎ (ಗುಣಮಟ್ಟದ ತಪಾಸಣೆ) ಹೀಗೆ ಹಂತಗಳು. ಹೇಳಿದ ಅವಧಿ ಕೆಲಸದ ದಿನಗಳ ಲೆಕ್ಕದ್ದು, ಅದೂ ಅಂದಾಜು. ಒಂದೇ ಹಂತದಲ್ಲಿ ಬಹಳ ದಿನ ನಿಂತರೆ ಗಾಬರಿಯಾಗಬೇಡಿ. ಕಾಯುವ ದಿನಗಳು ಕಷ್ಟದವೇ. ದಿನಕ್ಕೆ ಹತ್ತು ಸಲ ಪುಟ ತೆರೆದು ನೋಡುವ ಚಟ ಬರುತ್ತದೆ, ಅಸೆಂಬ್ಲಿ ಅಂತ ಕಂಡಾಗ ಎದೆ ಹೊಡೆದುಕೊಳ್ಳುತ್ತದೆ. 2021ರ ಮಾರ್ಚ್ ಕೊನೆಯಲ್ಲಿ ಕಾರ್ಡುಗಳ ರಾಶಿ ತಾಳಲಾರದೆ ಪಿಎಸ್‌ಎ ಹೆಚ್ಚಿನ ಸೇವೆಗಳನ್ನೇ ನಿಲ್ಲಿಸಿತ್ತು. ಆಗ ಕಾದವರ ಮುಂದೆ ಈಗಿನದು ಏನೂ ಅಲ್ಲ. ಮಾರಬೇಕಾದ ತುರ್ತಿರುವ ಕಾರ್ಡನ್ನು ಮಾತ್ರ ಮರು ಗ್ರೇಡಿಂಗ್‌ಗೆ ಹಾಕಬೇಡಿ. ಅದು ಅಲ್ಲಿರುವಾಗ ಬೆಲೆ ಏರಿದರೂ ಇಳಿದರೂ ನಿಮ್ಮ ಕೈ ಕಟ್ಟಿರುತ್ತದೆ.

ರಾಬಿನ್ಸನ್ 6.5 ಆಯಿತು. ಮನ್ಸನ್ 6 ಪಡೆಯಿತು. ಅದರ ಹಳೇ ಸ್ಲ್ಯಾಬ್ ತುಂಬ ಗೀರಿತ್ತು, ಹಾಗಾಗಿ ಕಾರ್ಡಿನ ಹೊಳಪು ನನಗೂ ಒಡೆದ ಮೇಲೇ ಸರಿಯಾಗಿ ಕಂಡದ್ದು. ಗಿಬ್ಸನ್ ದಾಟಲಿಲ್ಲ, ಎಸ್‌ಜಿಸಿ ಸ್ಲ್ಯಾಬಿನಲ್ಲೇ ಹಿಂದಿರುಗಿತು. ಟಾರ್ಚ್ ಹಿಡಿದು ಮತ್ತೆ ನೋಡಿದರೆ ಕೆಳಗಿನ ಎಡ ಮೂಲೆಯ ತುದಿ ಒಂದಿಷ್ಟು ಮೆತ್ತಗಾಗಿದೆ. 7 ಅನ್ನುವವರೂ 6.5 ಅನ್ನುವವರೂ ಇಬ್ಬರೂ ಸರಿ ಇರಬಹುದಾದ ಕಾರ್ಡು ಅದು. ಅದನ್ನು ಒಡೆಯುವುದಿಲ್ಲ. ಎಸ್‌ಜಿಸಿಯ ಕಪ್ಪು ಚೌಕಟ್ಟಿನಲ್ಲಿ ಆ ಗುಲಾಬಿ ಬಣ್ಣ ಎದ್ದು ಕಾಣುತ್ತದೆ, ಹಳೇ ಕಾರ್ಡಿಗೆ ಎಸ್‌ಜಿಸಿಯನ್ನೇ ಹುಡುಕಿ ಕೊಳ್ಳುವವರೂ ಕಮ್ಮಿಯೇನಿಲ್ಲ.

ವಾಪಸು ಬಂದ ಡಬ್ಬವನ್ನು ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ. ಲೇಬಲ್ಲಿನಲ್ಲಿ ವರ್ಷ, ಆಟಗಾರನ ಹೆಸರು, ಕಾರ್ಡ್ ಸಂಖ್ಯೆ, ಅಂಕ ಸರಿಯಿದೆಯೇ ನೋಡಿ, ಲೇಬಲ್ ಮೇಲಿನ ಸರ್ಟ್ (ಪ್ರಮಾಣಪತ್ರ) ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ ತಾಳೆ ಮಾಡಿ. ಮುದ್ರಣದ ತಪ್ಪಿದ್ದರೆ ಕೂಡಲೇ ತಿಳಿಸಿ. ಸ್ಲ್ಯಾಬ್ ಒಳಗೆ ದೂಳಿನ ಎಳೆ, ಕಾರ್ಡು ಅಲುಗಾಡುವುದು ಇವನ್ನೂ ಆಗಲೇ ಗಮನಿಸಬೇಕು. ಸಂಗ್ರಹಕ್ಕೆ ವಿಮೆ ಇದ್ದರೆ ಹೊಸ ಅಂಕ, ಹೊಸ ಸಂಖ್ಯೆ ಸೇರಿಸಿ. ಒಡೆದ ಸ್ಲ್ಯಾಬಿನ ಹಳೇ ಲೇಬಲ್ಲುಗಳನ್ನು ಎಸೆಯಬೇಡಿ, ಮಾರಲಂತೂ ಬೇಡಿ; ಅವು ನಕಲಿ ಸ್ಲ್ಯಾಬ್ ಮಾಡುವವರ ಕೈಗೆ ಸೇರುತ್ತವೆ. ಸಂಸ್ಥೆಗೆ ಹಿಂದಿರುಗಿಸಿದರೆ, ಯಾವ ಅಂಕದಲ್ಲಿ ಎಷ್ಟು ಕಾರ್ಡುಗಳಿವೆ ಅಂತ ತೋರಿಸುವ ಪಾಪ್ಯುಲೇಶನ್ ರಿಪೋರ್ಟಿನಿಂದ ಆ ನಮೂದನ್ನು ತೆಗೆಯುತ್ತಾರೆ. ಇಲ್ಲದಿದ್ದರೆ ಇರುವ ಒಂದೇ ಮನ್ಸನ್ 5ರಲ್ಲೂ 6ರಲ್ಲೂ ಎರಡು ಕಾರ್ಡಾಗಿ ಲೆಕ್ಕಕ್ಕೆ ಸಿಗುತ್ತದೆ, ಮುಂದೆ ಆ ಪಟ್ಟಿ ನಂಬಿ ಕೊಳ್ಳುವವರಿಗೆ ತಪ್ಪು ಚಿತ್ರ ಹೋಗುತ್ತದೆ. ನನ್ನ ಹಳೇ ಲೇಬಲ್ಲನ್ನು ಲಕೋಟೆಗೆ ಹಾಕಿಟ್ಟಿದ್ದೇನೆ, ಮುಂದಿನ ಸಬ್‌ಮಿಶನ್ ಜೊತೆ ಅದೂ ಹೋಗುತ್ತದೆ.